ಮಗಳಿಗೆ ಕಲಿಸಿದ ಒಂದು ವಾಕ್ಯ

ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ, ನನ್ನಷ್ಟು ಚೆನ್ನಾಗಿ ಕನ್ನಡ ಬರೆಯುವವನು ಆ ಕಟ್ಟಡದಲ್ಲೇ ಇಲ್ಲ ಎಂದು ನಂಬಿದ್ದವನು ಒಬ್ಬನೇ ಒಬ್ಬ ಇದ್ದ. ಅದು ನಾನು. ಅರ್ಜಿ ಹಿಡಿದು ಬಂದವರಿಗೆ ಅವರು ಕೇಳದಿದ್ದರೂ ಕೂರಿಸಿ ತಿದ್ದಿಕೊಡುತ್ತಿದ್ದೆ. ಕೊನೆಯಲ್ಲಿ ‘ದಯವಿಟ್ಟು ಅಪ್ಪಣೆ ಕೊಡಬೇಕಾಗಿ ವಿನಂತಿ’ ಎಂಬ ಸಾಲಿಲ್ಲದ ಕಾಗದ ನನ್ನ ಮೇಜು ದಾಟುತ್ತಿರಲಿಲ್ಲ. ಇಂಥ ಮನುಷ್ಯನಿಗೆ ಮಗಳನ್ನು ಬಾಲವಾಡಿಗೆ ಸೇರಿಸುವ ಯೋಗ ಬಂದರೆ ಏನಾಗಬೇಕೋ ಅದೇ ಆಯಿತು.

ಅರುವತ್ತರ ದಶಕದ ಮೊದಲ ವರ್ಷಗಳವು. ಪೇಟೆಯ ನಾಲ್ಕಾರು ಹೆಂಗಸರು ಸೇರಿ, ಒಂದು ಮನೆಯ ಜಗಲಿಯಲ್ಲಿ ಬಾಲವಾಡಿ ತೆರೆಯುತ್ತಾರೆಂದು ಸುದ್ದಿಯಾಯಿತು. ಮಗಳಿಗೆ ಆಗ ಮೂರೂವರೆ ವರ್ಷ. ಬೆಳಗ್ಗೆ ಎರಡು ಗಂಟೆ ಹೊತ್ತಾದರೂ ಅಡುಗೆಮನೆಯ ಡಬ್ಬಗಳು ತಮ್ಮ ತಮ್ಮ ಜಾಗದಲ್ಲಿ ಇರುತ್ತವಲ್ಲ ಎಂದು ಹೆಂಡತಿಗೆ ಖುಷಿಯೋ ಖುಷಿ. ನನಗೆ ಮಾತ್ರ ಹೆದರಿಕೆ ಸುರುವಾಯಿತು.

ಅದಕ್ಕೆ ಕಾರಣವಿತ್ತು. ನಮ್ಮ ಮನೆಮಾತು ತುಳು. ಮಗಳಿಗೆ ಅದೊಂದೇ ಗೊತ್ತು. ನಾನೂ ಹಾಗೆಯೇ ಶಾಲೆಗೆ ಹೋದವನು. ಆಗಿನ ಮಾಸ್ಟ್ರು ತುಳು ಕೇಳಿದರೆ ಬೆತ್ತಕ್ಕೆ ಕೈಹಾಕುತ್ತಿದ್ದರು. ಮೊದಲ ದಿನವೇ ನನಗೆ ಹೊರಗೆ ಹೋಗಬೇಕಾಯಿತು. ಅದನ್ನು ಕೇಳಲು ಕನ್ನಡ ಬಾರದು, ತುಳುವಿನಲ್ಲಿ ಕೇಳಲು ಧೈರ್ಯ ಸಾಲದು. ಕೂತಲ್ಲೇ ಚಡ್ಡಿ ಒದ್ದೆಯಾಯಿತು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಇಪ್ಪತ್ತೈದು ವರ್ಷಗಳ ನಂತರ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ ಹಳೆಯ ಸಹಪಾಠಿ, ನನ್ನ ಕೆಲಸ, ಮದುವೆ, ಮಕ್ಕಳು ಯಾವುದನ್ನೂ ವಿಚಾರಿಸದೆ ಮೊದಲು ನೆನಪಿಸಿದ್ದು ಅದನ್ನೇ. ಪಾಪಿ! ನನ್ನ ಮಗಳಿಗೆ ಆ ಅವಮಾನ ಆಗಕೂಡದು ಎಂದು ಅಂದೇ ನಿಶ್ಚಯಿಸಿದ್ದೆ.

ಬಾಲವಾಡಿಗೆ ಇನ್ನು ಎರಡು ತಿಂಗಳು ಇರುವಾಗ ಮನೆಯಲ್ಲಿ ಅಪ್ಪಣೆ ಹೊರಡಿಸಿದೆ. ಇವತ್ತಿನಿಂದ ಮಗುವಿನೆದುರು ತುಳು ಕೂಡದು. ಅವಳು ತುಳುವಿನಲ್ಲಿ ನೀರು ಕೇಳಿದರೆ ಕೊಡಬಾರದು, ಕನ್ನಡದಲ್ಲಿ ಕೇಳಿದ ಮೇಲೆಯೇ ಕೊಡಬೇಕು. ಕನ್ನಡವೆಂದರೆ ನನಗೆ ಗೊತ್ತಿದ್ದುದು ಕಚೇರಿಯದು. ಅದನ್ನೇ ಕಲಿಸಿದೆ. ದಿನಾ ಸಂಜೆ ಅವಳನ್ನು ಎದುರು ನಿಲ್ಲಿಸಿ, ಕೈಕಟ್ಟಿಸಿ, ಹೇಳಿಸುತ್ತಿದ್ದೆ: “ಟೀಚರೇ, ದಯವಿಟ್ಟು ನನಗೆ ಹೊರಗೆ ಹೋಗಲು ಅಪ್ಪಣೆ ಕೊಡಬೇಕು.”

“ಇದೆಂತದು ಮಾರಾಯ್ರೆ, ಮೂರು ವರ್ಷದ ಮಗು ತಹಶೀಲ್ದಾರರಿಗೆ ಅರ್ಜಿ ಕೊಡ್ಲಿಕ್ಕೆ ಉಂಟಾ?” ಎಂದು ಹೆಂಡತಿ ನಕ್ಕಳು.

“ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು” ಎಂದೆ.

ಅವಳು ನನ್ನೆದುರು ಸುಮ್ಮನಾದಳು. ಆದರೆ ಮಗಳೂ ಸುಮ್ಮನಾದಳು. ಮೊದಲು ನನ್ನ ಚಪ್ಪಲಿಯ ಸದ್ದು ಕೇಳಿದರೆ ಅಂಗಳದವರೆಗೆ ಓಡಿಬಂದು, ಬೆಕ್ಕು ಮರಿ ಹಾಕಿದ್ದರಿಂದ ಹಿಡಿದು ಪಕ್ಕದ ಮನೆಯವರು ಮೀನು ಸುಟ್ಟದ್ದರವರೆಗೆ ಒಂದೇ ಉಸಿರಿಗೆ ವರದಿ ಒಪ್ಪಿಸುತ್ತಿದ್ದವಳು, ಈಗ ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ನಾರಾವಿಯಿಂದ ಅತ್ತೆ ಬಂದರು. ಅವರಿಗೆ ಕನ್ನಡ ಒಂದಕ್ಷರ ಬಾರದು. ಅಳಿಯನ ಕಾನೂನು ಕೇಳಿ ಮುಖ ಗಂಟು ಹಾಕಿಕೊಂಡು ನನ್ನೊಡನೆ ಮಾತೇ ಬಿಟ್ಟರು. ಒಂದು ದಿನ ಕಚೇರಿಯಿಂದ ಬೇಗ ಬಂದೆ. ಬಚ್ಚಲುಮನೆಯಲ್ಲಿ ಅಜ್ಜಿಯೂ ಮೊಮ್ಮಗಳೂ ತುಳುವಿನಲ್ಲಿ ಹರಟೆ ಹೊಡೆದು ಕಿಲಕಿಲ ನಗುತ್ತಿದ್ದರು. ನಾನು ಕೆಮ್ಮಿದೆ, ಅಷ್ಟೇ. ಒಳಗೆ ನೀರು ಸುರಿಯುವ ಸದ್ದು ಮಾತ್ರ ಉಳಿಯಿತು. ನನ್ನ ಶಿಸ್ತಿಗೆ ಫಲ ಸಿಗುತ್ತಿದೆ ಎಂದು ಆಗ ನಾನು ಹೆಮ್ಮೆಪಟ್ಟೆ. ಎಂಥ ಮಂಗ ನಾನು!

ಬಾಲವಾಡಿಯ ಮೊದಲ ದಿನ ರಜೆ ಹಾಕಿದೆ. ಮಗಳನ್ನು ಒಳಗೆ ಬಿಟ್ಟು, ಮನೆಗೆ ಹೋದಂತೆ ಮಾಡಿ, ಜಗಲಿಯ ಆಚೆ ಬಾಳೆಯ ಬುಡದಲ್ಲಿ ನಿಂತುಕೊಂಡೆ. ಟೀಚರ್ ಎಂದರೆ ಬಂಟ್ವಾಳ ಕಡೆಯ ಒಬ್ಬಳು ಎಳೆಯ ಹುಡುಗಿ. ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದಳು, ಬಾಯಿ ತೆರೆದಳು. ಅಯ್ಯೋ ದೇವರೇ, ಅಪ್ಪಟ ತುಳು! ಒಬ್ಬನ ಮೂಗು ಒರೆಸಿದ್ದು ತುಳುವಿನಲ್ಲಿ, ಅಳುವವಳನ್ನು ರಮಿಸಿದ್ದು ತುಳುವಿನಲ್ಲಿ, ಕಾಗೆಯ ಕಥೆ ಹೇಳಿದ್ದೂ ತುಳುವಿನಲ್ಲಿ. ಮಕ್ಕಳೆಲ್ಲ ಸಂತೆಯ ಹಾಗೆ ಗದ್ದಲ ಮಾಡುತ್ತಿದ್ದವು. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವಳು ನನ್ನ ಮಗಳು ಒಬ್ಬಳೇ.

ಸ್ವಲ್ಪ ಹೊತ್ತಿಗೆ ಅವಳು ಕಾಲು ಕಾಲು ಒತ್ತಿಕೊಂಡಳು. ನನಗೆ ಗೊತ್ತಾಯಿತು. ಪಕ್ಕದ ಪೋರ ಎದ್ದವನೇ ಕಿರುಬೆರಳು ತೋರಿಸಿ ಹೊರಗೆ ಓಡಿದ. ಮಗಳು ಅದನ್ನು ನೋಡಿದಳು. ಹಾಗೆ ಓಡಲಿಲ್ಲ. ಎದ್ದು ನಿಂತಳು, ಕೈಕಟ್ಟಿದಳು, ನಾನು ಕಲಿಸಿದ ಹಾಗೆ ತಲೆ ನೆಟ್ಟಗೆ ಮಾಡಿದಳು.

“ಟೀಚರೇ, ದಯವಿಟ್ಟು ನನಗೆ ಹೊರಗೆ ಹೋಗಲು…”

‘ಅಪ್ಪಣೆ’ಯವರೆಗೆ ತಡೆಯಲು ಅವಳಿಂದ ಆಗಲಿಲ್ಲ. ಚಾಪೆ ಒದ್ದೆಯಾಯಿತು. ಆದರೂ ಅವಳು ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ “ಅಪ್ಪಣೆ ಕೊಡಬೇಕು” ಎಂದು ಕೊನೆಯ ಅಕ್ಷರದವರೆಗೂ ಹೇಳಿ ಮುಗಿಸಿದಳು. ಬೇರೆ ಮಕ್ಕಳು ನಗಲೂ ಇಲ್ಲ. ಅವುಗಳಲ್ಲಿ ಎರಡು ಆಗಲೇ ಒದ್ದೆಯಾಗಿ ಕೂತಿದ್ದವು. ಟೀಚರ್ ಮಾತ್ರ ಬೆರಗಾಗಿ ಒಂದು ಕ್ಷಣ ನಿಂತು, “ಬಲ ಮಗ”, ಬಾ ಮಗಳೇ ಎಂದು ತುಳುವಿನಲ್ಲಿ ಕರೆದು ಎತ್ತಿಕೊಂಡಳು. ಬಾಳೆಯ ಬುಡದಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂದೇ ಕಾನೂನು ರದ್ದಾಯಿತು. ಹೆಂಡತಿ ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ನಾಲ್ಕೇ ದಿನಗಳಲ್ಲಿ ಮಗಳು ಬಾಲವಾಡಿಯಲ್ಲಿ ಎಲ್ಲರಿಗಿಂತ ಜೋರಾದಳು. ಅಮ್ಮನ ಹತ್ತಿರ, ಬೆಕ್ಕಿನ ಹತ್ತಿರ, ಗೋಡೆಯ ಹತ್ತಿರ ಕೂಡ ತುಳುವಿನಲ್ಲಿ ವಟವಟ. ನಾನೂ ತುಳುವಿನಲ್ಲೇ ಮಾತಾಡಿಸುತ್ತಿದ್ದೆ. ಅವಳು ನಿಂತು, ಯೋಚಿಸಿ, ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಮಕ್ಕಳಲ್ಲವೇ, ನಾಳೆ ಮರೆಯುತ್ತಾಳೆ ಎಂದುಕೊಂಡೆ.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮಧ್ಯಾಹ್ನ ಊಟಕ್ಕೆ ಬಂದವನು ಚಾಪೆಯ ಪಕ್ಕ ಕೂತೆ. ಅವಳು ಕಣ್ಣು ಮುಚ್ಚಿಕೊಂಡು ಅಮ್ಮನೊಡನೆ ತುಳುವಿನಲ್ಲಿ ಏನೋ ಗುನುಗುತ್ತಿದ್ದಳು, ನೀರು ಬೇಕೆಂದು ಹಟ ಹಿಡಿಯುತ್ತಿದ್ದಳು. ಆ ಹಟ ಕೇಳಿ ಎಷ್ಟು ದಿನವಾಗಿತ್ತು! ಓಡಿಹೋಗಿ ಚೊಂಬಿನಲ್ಲಿ ನೀರು ತಂದು, ತಲೆಯ ಹಿಂದೆ ಕೈ ಕೊಟ್ಟು ಎತ್ತಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ತಕ್ಷಣ ಸುಡುವ ಮೈಯಲ್ಲೇ ನೆಟ್ಟಗಾಗಿ, ಎರಡೂ ಕೈ ಕಟ್ಟಿಕೊಂಡಳು.

“ಅಪ್ಪಾ, ದಯವಿಟ್ಟು ನೀರು ಕೊಡಬೇಕು.”

“ಪರ್ಲ ಮಗ” ಎಂದೆ. ಕುಡಿ ಮಗಳೇ ಎಂದು. ಚೊಂಬನ್ನು ಅವಳ ತುಟಿಯ ಹತ್ತಿರ ಹಿಡಿದೆ. ಅವಳು ಚೊಂಬು ಮುಟ್ಟಲಿಲ್ಲ. ಕುಡಿಯಬಹುದೇ ಎಂದು ಅಮ್ಮನ ಮುಖ ನೋಡಿದಳು.