ದೇವರ ಹಾಲಿಗೆ ಕ್ಯಾನ್ಸಲ್ ಒತ್ತಿದವಳು

ನೆನೆದರೆ ಈಗಲೂ ಮೈ ಉರಿಯುತ್ತದೆ.

ತಾಂಡ್ಯದ ಕಾರ್ಖಾನೆಯಲ್ಲಿ ನಾವು ಮಾಡುತ್ತಿದ್ದುದು ಹಳ್ಳಿ ಡೈರಿಗಳಲ್ಲಿ ಹಾಲು ತೂಗುವ ಮಿಷನ್ನು. ಅದರ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹುಲ್ಲಹಳ್ಳಿ ಕಡೆಯ ಒಂದು ಡೈರಿಯಿಂದ ಮಾತ್ರ ಪ್ರತಿ ಸೋಮವಾರ ಬೆಳಿಗ್ಗೆ ದೂರು: ಮಿಷನ್ ನಿಂತಿದೆ, ಕ್ಯಾನ್ ಹಿಡಿದವರು ಬಯ್ಯುತ್ತಿದ್ದಾರೆ.

"ಅಲ್ಲಿರೋ ಯಮ್ಮಂಗೆ ಬಟನ್ ಒತ್ತೋಕೆ ಬರಲ್ಲ ಕಣ್ರೀ. ತೆಗೆದುಹಾಕಿ ಅಂತ ಡೈರಿ ಸೆಕ್ರೆಟರಿಗೆ ಹೇಳಿದ್ದೀನಿ" ಎಂದರು ನಮ್ಮ ಮ್ಯಾನೇಜರು. ಆಸಾಮಿ ಆ ಊರಿನ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

ಮುಂದಿನ ಸೋಮವಾರ ನಾನೇ ಹೋದೆ. ಮಿಷನ್ ಮುಂದೆ ಕೂತಿದ್ದಾಕೆ ಮೊದಲು ಒಂದು ಚೊಂಬು ಹಾಲಿಟ್ಟಳು, ತೂಕ ಬಂತು, ಕ್ಯಾನ್ಸಲ್ ಒತ್ತಿದಳು. ಮಿಷನ್ ಸತ್ತೇಹೋಯಿತು.

"ಸ್ವಾಮಾರ ಮೊದಲ್ನೇ ಆಲು ದ್ಯಾವ್ರುದು ಸಾ. ಮಿಷನ್ ಮ್ಯಾಲೆ ಅದ್ನೇ ಮೊದ್ಲು ಇಡ್ಬೇಕು, ಆದ್ರೆ ಲೆಕ್ಕಕ್ಕೆ ಇಡೀಬಾರ್ದು. ಅದ್ಕೇ ಕ್ಯಾನ್ಸಲ್ ಒತ್ತೀನಿ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಕೆಲ್ಸ ಓದ್ರೆ ತಿರ್ಗಾ ಕಬ್ಬು ಕಡಿಯೋಕೇ ಓಗ್ಬೇಕು ಸಾ."

ವಾಪಸ್ ಬಂದು ಕೋಡ್ ತೆರೆದೆ. ಮಿಷನ್ನಿನ ಒಳಗೆ ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮು ಕರ್ನೆಲ್. ಅದು ಬಿದ್ದರೆ ಮಿಷನ್ನೇ ಬಿತ್ತು. ತೂಕ ಮೆಮೊರಿಯಲ್ಲಿ ಎಲ್ಲಿದೆಯೆಂಬ ವಿಳಾಸವನ್ನು ಅದಕ್ಕೆ ಬೇರೆ ಪ್ರೋಗ್ರಾಮು ಕೊಡುತ್ತದೆ. ಕ್ಯಾನ್ಸಲ್ ಒತ್ತಿದೊಡನೆ ಆ ಜಾಗ ಖಾಲಿ. ವಿಳಾಸ ಮಾತ್ರ ಕರ್ನೆಲ್ಲಿನ ಕೈಯಲ್ಲಿ ಉಳಿಯುತ್ತದೆ. ಇಂಥದ್ದಕ್ಕೆಂದೇ ಹುಷಾರಾಗಿ ಓದುವ ಫಂಕ್ಷನ್ ಇದೆ. ಜಾಗ ಇಲ್ಲದಿದ್ದರೆ ಅದು ಬೀಳುವುದಿಲ್ಲ, 'ಇಲ್ಲ' ಎಂದು ಹೇಳಿ ಹಿಂದಿರುಗುತ್ತದೆ. ನಮ್ಮ ಕೋಡಿನಲ್ಲಿ ಅದೇ ಇರಲಿಲ್ಲ. ಕರ್ನೆಲ್ಲು ಆ ಖಾಲಿ ಜಾಗವನ್ನು ಕಣ್ಣುಮುಚ್ಚಿ ನೇರವಾಗಿ ಓದಲು ಹೋಗಿ ಬಿದ್ದುಬಿಡುತ್ತಿತ್ತು.

"ನಾನೇ ತೆಗೆಸಿದ್ದು" ಎಂದರು ಮ್ಯಾನೇಜರು, ಹೆಮ್ಮೆಯಿಂದ. "ಸ್ಪೀಡ್ ಬೇಕಲ್ಲ. ತೂಕ ಮಾಡಿ ಕ್ಯಾನ್ಸಲ್ ಮಾಡೋರು ಯಾರಿದ್ದಾರೆ?"

ಸ್ಪೀಡಂತೆ, ಇವರ ತಲೆ. ಹಾಲು ತೂಗುವುದೇನು ಕುದುರೆ ರೇಸೇ? ಬಾಯಿಗೆ ಬಂದದ್ದು ಅಂದು, ಹುಷಾರಾಗಿ ಓದುವ ಆ ಸಾಲನ್ನು ಕೋಡಿಗೆ ಮತ್ತೆ ಹಾಕಿ, ಎಲ್ಲ ಮಿಷನ್ನುಗಳಿಗೂ ಕಳಿಸಿದೆ.

ಮತ್ತೆ ಸೋಮವಾರ ಹೋದಾಗ ಅಲ್ಲಿ ಬೇರೆ ಯಾರೋ ಕೂತಿದ್ದರು. ದೇವರ ಹಾಲಿಟ್ಟರು, ಕ್ಯಾನ್ಸಲ್ ಒತ್ತಿದರು. ಮಿಷನ್ ಅಲುಗದೆ ಮುಂದಿನ ಕ್ಯಾನ್ ತೂಗಿತು.

"ನೋಡಿ ಸಾ," ಎಂದ ಸೆಕ್ರೆಟರಿ, "ಆಯಮ್ಮನ್ನ ತೆಗ್ದಿದ್ದೇ ತಡ, ಮಿಷನ್ ಎಂಗ್ ಓಡ್ತಾ ಅದೆ."

ತಪ್ಪು ನಮ್ಮದು, ರಿಪೇರಿ ಮಾಡಿದವನು ನಾನು ಎಂದು ಕೂಗಾಡಿದೆ. ಅವನು ನಕ್ಕ.

"ಪಾಪ, ಅವ್ಳ ಪರವಾಗಿ ಎಷ್ಟ್ ಮಾತಾಡ್ತೀರಿ ಸಾ. ಊರೋರೆಲ್ಲ ಕಣ್ಣಾರೆ ನೋಡವ್ರೆ."