ಭಾಳ ಛಲೋ ಪ್ರಶ್ನೆ
ಒಂದು ಕಾಲಕ್ಕೆ ಅಬಿಡ್ಸ್ ಪೇಟೆಯ ಪತ್ರಿಕೆಯೊಂದರಲ್ಲಿ ನೀರು, ನೆಲದ ನೀತಿಗಳ ಬಗ್ಗೆ ಬರೆದು ಮಂತ್ರಿಗಳ ನಿದ್ದೆಗೆಡಿಸಿದ ಸಂಗಯ್ಯ, ಈಗ ಹೈಟೆಕ್ ಸಿಟಿಯ ಕಂಪನಿಗಳ ಪ್ರಚಾರ ನೋಡಿಕೊಳ್ಳುತ್ತ ವರದಿಗಾರರಿಗೆ ಬಿರಿಯಾನಿ ಹಾಕಿಸುತ್ತಾನೆ. ಪುಣ್ಯಾತ್ಮನ ಮಾತೆಲ್ಲ ಪತ್ರಿಕಾ ಪ್ರಕಟಣೆ. ಕುಷಾಯಿಗೂಡದ ಮನೆಯಲ್ಲಿ ಹೆಂಡತಿ ಗುರುದೇವಿ "ಉಪ್ಪಿಟ್ಟು ಹೆಂಗಾಗೇತ್ರಿ?" ಎಂದರೆ, "ಉಪ್ಪು ಕಡಿಮೆ ಎಂಬ ವರದಿ ನಿರಾಧಾರ" ಎನ್ನುತ್ತಾನೆ. ಸಂಜೆ ಗಾಜಿನ ಕಟ್ಟಡಗಳು ಹೊಂಬಣ್ಣದಲ್ಲಿ ತೇಲುವಾಗ, ಅವು ತಾನು ಬರೆದ ಬಣ್ಣದ ಮಾತುಗಳ ಮೇಲೇ ನಿಂತಿವೆ, ಒಂದು ಶಬ್ದ ತೆಗೆದರೂ ಒಂದು ಮಹಡಿ ಮೋಡವಾಗಿ ಹಾರೀತು ಎಂದು ಅವನಿಗೆ ಅನ್ನಿಸುತ್ತದೆ. ಕಂಪನಿಯ ಸಾಹೇಬರಿಗೆ ಅವನು ಕಲಿಸುವ ಮಂತ್ರ ಒಂದೇ: ಕಷ್ಟದ ಪ್ರಶ್ನೆ ಬಂದರೆ ನಗಬೇಕು, 'ಬಹಳ ಒಳ್ಳೆಯ ಪ್ರಶ್ನೆ' ಎನ್ನಬೇಕು, ಪಕ್ಕದ ಕುರ್ಚಿಯವನತ್ತ ತಿರುಗಿಬಿಡಬೇಕು. ಆದರೆ ಪತ್ರಿಕಾಗೋಷ್ಠಿ ಮುಗಿದು ಎಲ್ಲರೂ ಉಡುಗೊರೆಯ ಚೀಲ ಹಿಡಿದು ಹೋದಮೇಲೆ, ಅವನು ಮುಂದಿನ ಸಾಲಿನ ತುದಿಯಲ್ಲಿ, ವರದಿಗಾರನಾಗಿದ್ದಾಗ ಯಾವತ್ತೂ ಕೂರುತ್ತಿದ್ದ ಜಾಗದಲ್ಲಿ ಕೂತು, ಖಾಲಿ ವೇದಿಕೆಯನ್ನು ಮೆಲ್ಲಗೆ ಕೇಳುತ್ತಾನೆ: "ಇಲ್ಲಿದ್ದ ಕೆರಿ ಎಲ್ಲಿ ಹೋತ್ರಿ, ಸಾಹೇಬ್ರ?" ಒಂದು ಸಂಜೆ, ಮದುವೆಯೂಟಕ್ಕೆ ಕರೆದೊಯ್ಯಲು ಬಂದ ಗುರುದೇವಿ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡಳು. "ಉತ್ತರ ನಿಮಗ ಗೊತ್ತೈತಲ್ರಿ. ಮ್ಯಾಲೆ ಹೋಗಿ ನೀವ ಹೇಳ್ರಿ," ಎಂದಳು. ಸಂಗಯ್ಯ ನಿದ್ದೆಯಲ್ಲಿ ನಡೆಯುವವನಂತೆ ವೇದಿಕೆ ಹತ್ತಿದ, ಮೈಕು ಹಿಡಿದ. ನಗು ತಾನಾಗಿಯೇ ಬಂತು. "ಭಾಳ ಛಲೋ ಪ್ರಶ್ನೆ," ಎಂದು ಪಕ್ಕದ ಕುರ್ಚಿಯತ್ತ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.