ಕಣ್ಣು ಬರೆಯದ ರಾಕ್ಷಸ

ಶಾಮಲಕ್ಕ ರಾಕ್ಷಸನಿಗೆ ಬಾಲ ಅಂಟಿಸಲು ಕೂತಾಗ ನಾನು ಎದುರಿಗೆ ಸಿಕ್ಕಿಬಿಟ್ಟೆ. ಬಾಲ ಹಿಡಿದುಕೊಳ್ಳುವ ಕೆಲಸ ನನಗೆ ಬಂತು. ದಾಬಸ್‌ಪೇಟೆಯ ಗೋದಾಮಿನಲ್ಲೂ ನನ್ನದು ಇಂಥದೇ ಉದ್ಯೋಗ. ಪೆಟ್ಟಿಗೆಗಳ ಮೇಲಿನ ಗೆರೆಗಳನ್ನು ಯಂತ್ರ ಓದುತ್ತದೆ, ಯಂತ್ರವನ್ನು ನಾನು ಹಿಡಿದಿರುತ್ತೇನೆ. ಊರಿನಲ್ಲಿ ಇದನ್ನು ಲಾಜಿಸ್ಟಿಕ್ಸ್ ಎಂದು ಹೇಳಿಕೊಂಡಿದ್ದೇನೆ.

ಶಾಮಲಕ್ಕ ನನ್ನ ದೊಡ್ಡಪ್ಪ ಆದಿನಾರಾಯಣಪ್ಪನ ಮಗಳು. ಬಾಟಲಿ ಮುಚ್ಚಳದ ಫ್ಯಾಕ್ಟರಿಯಲ್ಲಿ, ಬೆಲ್ಟಿನ ಮೇಲೆ ಹರಿದು ಬರುವ ಮುಚ್ಚಳಗಳಲ್ಲಿ ಸೊಟ್ಟಗಿದ್ದುದನ್ನು ಹೆಕ್ಕಿ ಎಸೆಯುವುದು ಅವಳ ಕೆಲಸ. ದಿನವಿಡೀ ಎಸೆದು ಬಂದ ಕೈಗೆ ಏನಾದರೂ ಜೋಡಿಸಬೇಕು ಅನ್ನಿಸುತ್ತದಂತೆ. ಹಾಗಾಗಿ ಆನ್‌ಲೈನಿನಲ್ಲಿ ಒಂದು ಡಬ್ಬಿ ತರಿಸಿದ್ದಳು. ಅದರೊಳಗೆ ಸಿನಿಮಾದ ರಾಕ್ಷಸ ಕೈ ಬೇರೆ, ಕಾಲು ಬೇರೆ, ತಲೆ ಬೇರೆಯಾಗಿ ವಿನೈಲ್ ಪ್ಲಾಸ್ಟಿಕ್ಕಿನ ತುಂಡುಗಳಲ್ಲಿ ಬಂದಿದ್ದ. ಮೊಸಳೆಯ ಬೆನ್ನು, ಎಮ್ಮೆಯ ಕೊಂಬು, ಹೊಟ್ಟೆ ಮಾತ್ರ ಥೇಟ್ ನನ್ನದು. ಚಿಕ್ಕವರಿದ್ದಾಗ ಆ ಸಿನಿಮಾವನ್ನು ಟಿವಿಯಲ್ಲಿ ಒಟ್ಟಿಗೆ ನೋಡಿದ್ದೆವು. ರಾಕ್ಷಸ ಸೇತುವೆ ಮುರಿದಾಗ ನಾನು ಮಂಚದ ಕೆಳಗಿದ್ದೆ. ಅವನನ್ನು ಕೊಂದಾಗ ಅವಳು ಅತ್ತಿದ್ದಳು.

ಮೊದಲು ತುಂಡುಗಳನ್ನು ಸಾಬೂನಿನಲ್ಲಿ ತೊಳೆದು ಜಿಡ್ಡು ತೆಗೆದಳು. ಮುದ್ದೆ ಮಾಡುವ ಪಾತ್ರೆಯಲ್ಲಿ ನೀರು ಕಾಯಿಸಿ, ಸೊಟ್ಟಗಾಗಿದ್ದ ಕಾಲುಗಳನ್ನು ಅದ್ದಿ ಮೆತ್ತಗಾದ ಮೇಲೆ ನೆಟ್ಟಗೆ ಮಾಡಿದಳು. ದೊಡ್ಡಪ್ಪನ ತಾಯಿ ಅಮ್ಮಯಮ್ಮಜ್ಜಿ ಆ ಪಾತ್ರೆಯಲ್ಲಿ ಮಾಡಿದ ಮುದ್ದೆ ಮುಟ್ಟುವುದಿಲ್ಲ ಎಂದು ಕೂತಳು.

"ಕಣ್ಣಿಲ್ಲದ ರಾಕ್ಷಸನ್ನ ಮನೇಲಿ ಮಡಗ್ಬಾರ್ದು ಕಣಮ್ಮಿ. ತಿಪ್ಪೆಗಾಕು."

"ಕಣ್ಣು ಕೊನೇಗೆ ಬರೀತೀನಜ್ಜಿ. ಮೊದ್ಲು ಮೈ ಒಣಗ್ಲಿ."

ಅಷ್ಟರಲ್ಲಿ ತ್ಯಾಮಗೊಂಡ್ಲು ಕಡೆಯಿಂದ ಶಾಮಲಕ್ಕನಿಗೆ ಸಂಬಂಧವೊಂದು ಬಂತು. ಭಾನುವಾರವೇ ಹೆಣ್ಣು ನೋಡಲು ಬರುತ್ತೇವೆಂದರು. ದೊಡ್ಡಪ್ಪ ಮೊದಲು ನೋಡಿದ್ದು ರಾಕ್ಷಸ ನಿಂತಿದ್ದ ಷೋಕೇಸಿನ ಕಡೆ.

"ಅದನ್ನ ಅಟ್ಟಕ್ಕೆ ಹಾಕಮ್ಮ. ಬಂದೋರು ಏನಂದ್ಕೊಂಡಾರು?"

"ನಾನು ಎಲ್ಲಿಗೆ ಹೋದ್ರೂ ಅದು ನನ್ ಜೊತೆ ಬರತ್ತಪ್ಪ. ಇವತ್ತು ಬಚ್ಚಿಟ್ರೆ ಆಮೇಲೆ ಯಾವತ್ತೂ ಆಚೆ ತೆಗಿಯೋಕಾಗಲ್ಲ."

ಅವಸರದಲ್ಲಿ ಎಡವಟ್ಟಾಯಿತು. ಬೆನ್ನಿಗೆ ಹಚ್ಚುತ್ತಿದ್ದ ನೀರಿನ ಬಣ್ಣ ಅರ್ಧಕ್ಕೇ ಖಾಲಿಯಾಯಿತು. ಮನೆಯಲ್ಲಿ ಗೇಟಿಗೆ ಬಳಿದು ಉಳಿದ ಹಸಿರು ಎನಾಮಲ್ ಡಬ್ಬ ಇತ್ತು, ಅದನ್ನೇ ಬಳಿದಳು. ಗೇಟಿನ ಮೇಲೆ ಒಂದೇ ರಾತ್ರಿಗೆ ಒಣಗಿದ ಬಣ್ಣ ವಿನೈಲ್ ಮೇಲೆ ಒಣಗಲೇ ಇಲ್ಲ. ಭಾನುವಾರ ಬೆಳಗ್ಗೆಯೂ ರಾಕ್ಷಸನ ಬೆನ್ನು ಹಲಸಿನ ಮೇಣದಂತೆ ಅಂಟುತ್ತಿತ್ತು. ಒಣಗದ ಮೈ ಹಿಡಿದು ಕಣ್ಣು ಬರೆಯುವಂತಿರಲಿಲ್ಲ.

"ಯಾರೂ ಮುಟ್ಟದಂಗೆ ನೋಡ್ಕೊಳೋ ನಂದೀಶ" ಎಂದಳು. ನಾನು ಷೋಕೇಸಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ.

ಹುಡುಗ ಮಂಜೇಶ್ ಒಳ್ಳೆಯವನಂತೆ ಕಂಡ. ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಬಾಲ ಅಂಟಿಸಿರೋದಾ? ಗೆರೇನೇ ಕಾಣ್ಸಲ್ವಲ್ಲ" ಎಂದ. ಕಾಫಿ ತರುತ್ತಿದ್ದ ಶಾಮಲಕ್ಕನ ಮುಖ ಅರಳಿತು. ಬಾಲ ಹಿಡಿದವರು ಯಾರೆಂದು ಯಾರೂ ಕೇಳಲಿಲ್ಲ.

ಆದರೆ ಅವನ ತಾಯಿ ಮುನಿಲಕ್ಷ್ಮಮ್ಮ ಎದ್ದು ಬಂದರು. ದೊಡ್ಡವರು ಬಂದಾಗ ಕೂತಿರಬಾರದು ಎಂದು ನಾನು ಎದ್ದೆ. ಕಾವಲುಗಾರನಾಗಿ ನನ್ನ ಸೇವೆ ಅಲ್ಲಿಗೆ ಮುಗಿಯಿತು. ಅವರು ಎರಡೂ ಕೈಯಲ್ಲಿ ರಾಕ್ಷಸನನ್ನು ಎತ್ತಿಕೊಂಡರು.

"ಅಯ್ಯಯ್ಯಪ್ಪಾ, ಎಷ್ಟ್ ಭಯಂಕರವಾಗವ್ನೆ! ನಮ್ ಹೊಸ ಮನೆಗೆ ಇಂಥದ್ದೇ ಬೇಕಿತ್ತು ಕಣ್ರೀ. ತಾರಸಿ ಮೋಲ್ಡ್ ಹಾಕಿದಾಗ್ನಿಂದ ದಾರೀಲಿ ಹೋಗೋರ ಕಣ್ಣೆಲ್ಲ ನಮ್ ಮೇಲೆ. ಅಂಗಡೀಲಿ ಸಿಗೋ ದೃಷ್ಟಿಗೊಂಬೆ ನೋಡಿದ್ರೆ ನಗು ಬರತ್ತೆ. ಇದನ್ನ ಮುಂದ್ಗಡೆ ಕಂಬಕ್ಕೆ ಕಟ್ಟಿದ್ರೆ ಒಬ್ಬ ತಲೆ ಎತ್ತಲ್ಲ."

ಅವರು ಮೆಚ್ಚಿಯೇ ಹೇಳಿದ್ದು. ದೊಡ್ಡಪ್ಪ ಹಿಗ್ಗಿಬಿಟ್ಟ. "ಅದಕ್ಕೇನಮ್ಮಾ, ಇವತ್ತೇ ತಗೊಂಡೋಗಿ. ಮಗಳನ್ನೇ ಕೊಡೋರಿಗೆ ಗೊಂಬೆ ಯಾವ ಲೆಕ್ಕ!"

ಶಾಮಲಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಬಿಸಿನೀರಿಗೇ ಬಾಗುವ ಕಾಲುಗಳು ಕಂಬದ ಮೇಲೆ, ಬೇಸಿಗೆಯ ಬಿಸಿಲಿನಲ್ಲಿ ಏನಾಗುತ್ತವೆಂದು ಅವಳಿಗೂ ನನಗೂ ಗೊತ್ತಿತ್ತು. ಅವಳು ಬಾಯಿ ತೆರೆದಳು. ಬೇಡ ಎಂದರೆ ಸಂಬಂಧ ಹೋಗುತ್ತದೆ, ಹೂಂ ಎಂದರೆ ರಾಕ್ಷಸ ಹೋಗುತ್ತಾನೆ. ನಾನು ಧೈರ್ಯ ಮಾಡಿ ಮುಂದೆ ಬಂದು, "ಬಜ್ಜಿ ತಗೊಳ್ಳಿ" ಎಂದೆ.

ಮೂಲೆಯಿಂದ ಅಮ್ಮಯಮ್ಮಜ್ಜಿಯ ದನಿ ಬಂತು. "ಮಡಗವ್ವ ಅದನ್ನ. ಕಣ್ಣು ಬರ್ದಿಲ್ಲ. ಕಣ್ಣಿಲ್ಲದ ಗೊಂಬೆ ಹೊಸ್ತಿಲು ದಾಟ್ಬಾರ್ದು. ಕುರುಡು ಕಾವಲು ಕಟ್ಕೊಂಡು ಏನ್ಮಾಡೀಯೆ?"

ತಿಪ್ಪೆಗೆ ಹಾಕು ಎಂದವಳೇ ಇವಳು! ಮುನಿಲಕ್ಷ್ಮಮ್ಮ ಗಾಬರಿಯಿಂದ ಗೊಂಬೆಯನ್ನು ಕೆಳಗಿಟ್ಟು ಅಂಗೈ ನೋಡಿಕೊಂಡರು. ಎರಡೂ ಹಸಿರು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಂಡು ಹೊರಡುವಾಗ, "ಕಣ್ಣು ಬರೆದ್ಮೇಲೆ ಕಳಿಸ್ಕೊಡಿ ಮತ್ತೆ" ಎಂದರು.

ಎರಡು ದಿನಕ್ಕೆ ಫೋನ್ ಬಂತು. ಅವರಿಗೆ ಒಪ್ಪಿಗೆ. ಗೊಂಬೆಗೆ ಕಣ್ಣು ಬರೆದಾಯಿತಾ ಎಂದೂ ಕೇಳಿದರಂತೆ.

"ಕಣ್ಣು ಬರೀಲೇಬೇಡ ಅಕ್ಕ" ಎಂದೆ. "ಆಗ ಅದು ಇಲ್ಲಿಂದ ಕದಲೋ ಹಂಗೇ ಇಲ್ಲ."

"ಆಮೇಲೆ? ನಾನು ಸುಳ್ಳು ಹೇಳ್ಕೊಂಡು, ಅದು ಕುರುಡಾಗಿ ನಿಂತ್ಕೊಂಡು ಇರ್ಬೇಕಾ?"

ಅವಳು ಮಂಜೇಶನಿಗೆ ತಾನೇ ಫೋನ್ ಮಾಡಿದಳು. ಅಜ್ಜಿಯ ಎದುರಿಗೇ, ಸ್ಪೀಕರ್ ಹಾಕಿ.

"ಕಣ್ಣು ಇವತ್ತು ಬರೀತೀನಿ. ಆದ್ರೆ ಕಂಬಕ್ಕೆ ಕಟ್ಟೋಕೆ ಕೊಡಲ್ಲ. ನಾನು ಮಾಡಿದ್ದು ಅದು. ನಿಮ್ಮನೆಗೆ ಬಂದ್ರೂ ನನ್ ಜೊತೆ ಒಳಗಡೆನೇ ಇರತ್ತೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ."

ದೊಡ್ಡಪ್ಪ ಬಾಗಿಲಿಗೆ ಬಂದು ನಿಂತ.

"ಅಮ್ಮನ್ನ ಕೇಳಿ ಹೇಳ್ತೀನಿ" ಎಂದ ಮಂಜೇಶ್.

"ಕೇಳಿ. ಕಾಯ್ತೀನಿ" ಎಂದು ಇಟ್ಟುಬಿಟ್ಟಳು.

ಆದರೆ ಕಾಯಲಿಲ್ಲ. ಸಣ್ಣ ಬ್ರಷ್ ತೆಗೆದು ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಹಳದಿಯಲ್ಲಿ ಅದ್ದಿದಳು. ಬೆನ್ನು ಇನ್ನೂ ಅಂಟುತ್ತಿದ್ದುದರಿಂದ ನಾನು ಎರಡು ಕೊಂಬು ಹಿಡಿದುಕೊಂಡೆ. ಕೊನೆಗೂ ನನಗೆ ಬಡ್ತಿ ಸಿಕ್ಕಿತ್ತು. ಎಡಗಣ್ಣು ಬಂತು. ನಡುವೆ ಕಪ್ಪು ಚುಕ್ಕೆ ಇಟ್ಟಾಗ ನಾನು ಮತ್ತೆ ಮಂಚದ ಕೆಳಗೆ ಹೋಗುವಂತಾಯಿತು.

ಬಲಗಣ್ಣಿಗೆ ಬ್ರಷ್ ತಾಗಿಸುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಮಂಜೇಶನ ಹೆಸರು. ದೊಡ್ಡಪ್ಪ ಕೈಚಾಚಿದ. ಅದಕ್ಕಿಂತ ಮೊದಲು ಅಜ್ಜಿ ಅದನ್ನು ಎತ್ತಿ ತಲೆದಿಂಬಿನ ಕೆಳಗೆ ತುರುಕಿ, ದಿಂಬಿನ ಮೇಲೆ ಕೂತುಬಿಟ್ಟಳು.

"ಬಡ್ಕೊಳ್ಳಿ ಬಿಡು. ಈಗ ಎತ್ತಿದ್ರೆ ಮಗೀನ ಕೈ ಅಲ್ಲಾಡ್ತದೆ."

ಅಜ್ಜಿಯ ಕೆಳಗೆ ಫೋನ್ ಗುಂಯ್‌ಗುಡುತ್ತಲೇ ಇತ್ತು. ಶಾಮಲಕ್ಕ ಉಸಿರು ಬಿಗಿಹಿಡಿದು ಎರಡನೆಯ ಚುಕ್ಕೆ ಇಟ್ಟಳು.